ನಿನ್ನ ಇಪ್ಪತ್ತೊಂದು ದಿನದ ಪಟ್ಟಿಗೆ ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ತಮ್ಮಾ, ಅಣ್ಣನ ಮಗನೇ, ಇದು ನಿನಗೇ. ಉಳಿದವರೂ ಕೇಳಿ, ಆದರೆ ನಡುವೆ ಗುಡ್ ಮಾರ್ನಿಂಗ್ ಹೂವು ಹಾಕಿ ನನ್ನ ಮಾತನ್ನು ಮೇಲೆ ತಳ್ಳಬೇಡಿ. ಉದ್ದ ಆಗುತ್ತದೆ, ಮೊದಲೇ ಹೇಳಿದ್ದೇನೆ. ರೊಟ್ಟಿ ಬಡಿಯುತ್ತಾ ಕೇಳಿ.

ನಿನ್ನೆ ರಾತ್ರಿ ನೀನು ಮನೆಯ ಗ್ರೂಪಿನಲ್ಲಿ ಹಾಕಿದ ಪಟ್ಟಿ ನೋಡಿದೆ. ಇಪ್ಪತ್ತೊಂದು ದಿನದ ಚಾಲೆಂಜ್. ಬೆಳಗ್ಗೆ ನಾಲ್ಕೂವರೆಗೆ ಏಳುವುದು, ತಣ್ಣೀರು ಸ್ನಾನ, ಧ್ಯಾನ, ಐವತ್ತು ಪುಟ ಓದು, ಹತ್ತು ಸಾವಿರ ಹೆಜ್ಜೆ, ಸಕ್ಕರೆ ಬಂದ್, ಆಫೀಸ್ ಮುಗಿದ ಮೇಲೆ ಎರಡು ತಾಸು ಇನ್ನೊಂದು ಸಂಪಾದನೆಗೆ. ಮನೆಯವರೆಲ್ಲ ಸೇರಬೇಕು, ತಪ್ಪಿದವರಿಗೆ ನೂರು ರೂಪಾಯಿ ದಂಡ. ಕೆಳಗೆ ದಪ್ಪ ಅಕ್ಷರದಲ್ಲಿ ‘ಕಾಯಕವೇ ಕೈಲಾಸ’. ಅದರ ಬೆನ್ನಿಗೇ ವಾರಕ್ಕೆ 70 ತಾಸು ದುಡಿಯಬೇಕು ಅನ್ನುವ ವಿಡಿಯೊ ಬೇರೆ. ಅವ್ವ ಕನ್ನಡಕ ಹಾಕಿಕೊಳ್ಳದೆ ಹೆಬ್ಬೆರಳು ಒತ್ತಿದ್ದಾಳೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಈ ಚಳಿಯಲ್ಲಿ ಆಕೆಗೆ ತಣ್ಣೀರು ಸ್ನಾನ ಮಾಡಿಸಿದರೆ ದಂಡ ನಾನು ಹಾಕುತ್ತೇನೆ, ನಿನಗೆ.

ನಾನು ಸೇರುವುದಿಲ್ಲಪ್ಪ. ಸಿಟ್ಟೇನೂ ಇಲ್ಲ. ಸುಮ್ನೆ ಬೇಡ ಅಂದರೆ ‘ನಮ್ಮ ಅತ್ತಿ, ಆಕೆಗೆ ಇವೆಲ್ಲ ತಿಳಿಯುವುದಿಲ್ಲ’ ಅಂದುಕೊಳ್ಳುತ್ತೀಯಾ, ಅದಕ್ಕೇ ಕಾರಣ ಹೇಳುತ್ತೇನೆ.

ಮೊದಲು ಆ ನಾಲ್ಕೂವರೆ. ನಮ್ಮ ದ್ರಾಕ್ಷಿ ತೋಟದಲ್ಲಿ ಈಗ ಕೆಲಸ ಜೋರಾಗಿದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು, ಗೊನೆ ಬಿಟ್ಟು, ಕಾಳು ಕಟ್ಟುವ ಹೊತ್ತು. ಕಾಳು ದಪ್ಪ ಆಗಲಿ ಅಂತ ಒಂದೊಂದು ಗೊನೆಯನ್ನೂ ಜಿಎ ಅನ್ನುವ ಔಷಧಿಯ ನೀರಿನಲ್ಲಿ ಅದ್ದಬೇಕು. ಆ ಕೆಲಸಕ್ಕೆ ಬರುವವರು ಪೂರ್ತಿ ಹೆಂಗಸರು. ಎಂಟಕ್ಕೆ ಟಂಟಂ ಆಟೊದಿಂದ ಇಳಿಯುತ್ತಾರೆ. ಅಷ್ಟರೊಳಗೆ ನೀರು ತುಂಬಿ, ಕಸ ಹೊಡೆದು, ರೊಟ್ಟಿ ಬಡಿದು, ಗಂಡನಿಗೆ ಮಕ್ಕಳಿಗೆ ಎತ್ತಿಟ್ಟು, ತಮ್ಮ ಬುತ್ತಿ ಕಟ್ಟಿಕೊಂಡು ಬಂದಿರುತ್ತಾರೆ. ನಾಲ್ಕಕ್ಕೇ ಎದ್ದಿರುತ್ತಾರೆ ಅನ್ನು. ಯಾರೂ ಅದನ್ನು ಚಾಲೆಂಜ್ ಅನ್ನುವುದಿಲ್ಲ, ಯಾರೂ ವಿಡಿಯೊ ಮಾಡುವುದಿಲ್ಲ. ಬೇಗ ಎದ್ದವರೆಲ್ಲ ಶ್ರೀಮಂತರಾಗುವ ಹಾಗಿದ್ದರೆ ಇಷ್ಟೊತ್ತಿಗೆ ತಿಕೋಟಾ ರಸ್ತೆಯಲ್ಲಿ ಟಂಟಂ ಒಂದೂ ಉಳಿಯುತ್ತಿರಲಿಲ್ಲ, ಬರೀ ಕಾರುಗಳೇ ಓಡುತ್ತಿದ್ದವು.

ಇನ್ನೊಂದು ಕೇಳುತ್ತೇನೆ, ಬೇಜಾರಾಗಬೇಡ. ಆ ವಿಡಿಯೊಗಳಲ್ಲಿ ನಸುಕಿಗೆ ಎದ್ದು ಧ್ಯಾನ ಮಾಡುವ ದೊಡ್ಡವರಿಗೆಲ್ಲ ಚಹಾ ಯಾರು ಕಾಸುತ್ತಾರೆ? ಬಟ್ಟೆ ಯಾರು ಒಗೆಯುತ್ತಾರೆ? ಮಗುವಿಗೆ ಜ್ವರ ಬಂದರೆ ರಾತ್ರಿ ಯಾರು ಎಚ್ಚರ ಇರುತ್ತಾರೆ? ಅವರ ದಿನದಲ್ಲಿ ಅಷ್ಟು ಜಾಗ ಖಾಲಿ ಇರುವುದು ಬೇರೆ ಯಾರದೋ ದಿನ ತುಂಬಿರುವುದರಿಂದ. ಅದನ್ನು ಮಾತ್ರ ವಿಡಿಯೊದಲ್ಲಿ ತೋರಿಸುವುದಿಲ್ಲ.

ನಿಲ್ಲು, ಕುಕ್ಕರ್ ಕೂಗುತ್ತಿದೆ. ಆಫ್ ಮಾಡಿ ಬಂದೆ.

ಹ್ಞಾಂ, 70 ತಾಸಿನ ಮಾತು. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಹುಡುಗರು ವಾರಕ್ಕೆ 70 ತಾಸು ದುಡಿಯಬೇಕು ಅಂದರು. ಅವರು ಕಟ್ಟಿದ ಕಂಪನಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷರದು 90 ತಾಸಿನ ಮಾತು ಹೊರಗೆ ಬಂತು. ರವಿವಾರವೂ ಕೆಲಸ ಮಾಡಿಸಲು ಆಗುತ್ತಿಲ್ಲವಲ್ಲ ಅಂತ ಅವರಿಗೆ ಬೇಸರ. ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಅಂತ ಬೇರೆ ಕೇಳಿದರು. ನಿಮ್ಮ ಮಾಮಾಗೆ ಇದನ್ನು ಓದಿ ಹೇಳಿದೆ. ಅವರು ನನ್ನ ಕಡೆ ನೋಡಿ ‘ನಾನು ಯಾವಾಗ ನೋಡಿದೆ?’ ಅಂದರು. ಇರಲಿ.

ಲೆಕ್ಕ ಹಾಕು. 70 ತಾಸನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೆರಡರ ಹತ್ತಿರ. 90 ತಾಸನ್ನು ಏಳು ದಿನಕ್ಕೆ ಹಂಚಿದರೂ ಹದಿಮೂರರ ಹತ್ತಿರ. ಅದರ ಮೇಲೆ ನಿಮ್ಮ ಬೆಂಗಳೂರಿನ ಟ್ರಾಫಿಕ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಡಿ 2021ರಲ್ಲಿ ಒಂದು ಲೆಕ್ಕ ಹೊರಗೆ ಹಾಕಿದವು. ವಾರಕ್ಕೆ 55 ತಾಸು ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ತಾಸು ದುಡಿಯುವವರಿಗಿಂತ, ಪಾರ್ಶ್ವವಾಯು ಆಗುವ ಅಪಾಯ 35 ಪರ್ಸೆಂಟ್ ಹೆಚ್ಚು, ಹೃದಯದ ರಕ್ತನಾಳದ ರೋಗದಿಂದ ಸಾಯುವ ಅಪಾಯ 17 ಪರ್ಸೆಂಟ್ ಹೆಚ್ಚು. ಇದನ್ನು ಹುಬ್ಬಳ್ಳಿಯಿಂದ ಫೋನ್ ಮಾಡಿ ಓದಿ ಹೇಳಿದ್ದು ನನ್ನ ಮಗಳು. ನಿನ್ನ ಪಟ್ಟಿ ನೋಡಿ ಆಕೆಗೂ ಸಮಾಧಾನ ಆಗಲಿಲ್ಲ, ಗ್ರೂಪಿನಲ್ಲಿ ಹೇಳಲು ಸಂಕೋಚ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ನಿನಗೂ ಗೊತ್ತು. ಬಸವಣ್ಣನ ವಾರ. ಬಿತ್ತುವ ಹದ ಮೀರಿ ಹೋಗುತ್ತದೆ ಅಂತ ಮೈಮೇಲೆ ಬಿದ್ದು ದುಡಿಯುವ ಹೊತ್ತಿನಲ್ಲೂ ನಿನ್ನ ಮುತ್ಯಾ ಆ ದಿನ ನೊಗ ಮುಟ್ಟುತ್ತಿರಲಿಲ್ಲ. ಎತ್ತಿನ ಮೈ ತೊಳೆದು, ನೆರಳಿಗೆ ಕಟ್ಟಿ, ತಾವೂ ಅಲ್ಲೇ ಅಡ್ಡಾಗುತ್ತಿದ್ದರು. ಎತ್ತಿಗೆ ಕೊಟ್ಟ ರಜೆ ಮೊಮ್ಮಗನಿಗೆ ಇಲ್ಲ. ಕಳೆದ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಅಂತ ಬಂದೆ, ಮದ್ದು ಸುಡುವ ಹೊತ್ತಿಗೆ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಆಕಾಶ ಎಲ್ಲ ಬೆಳಗುತ್ತಿತ್ತು, ನೀನು ಕಿಟಕಿ ಹಾಕಿಕೊಂಡೆ, ಕಾಲ್‌ನಲ್ಲಿ ಸದ್ದು ಕೇಳುತ್ತದೆ ಅಂತ. ನಿನ್ನನ್ನು ಬೈಯುತ್ತಿಲ್ಲ. ನಿನ್ನ ಕಂಪನಿಯವರು ಹಬ್ಬದ ದಿನ ಅಂತ ಬಿಡಬೇಕಿತ್ತು, ಬಿಡಲಿಲ್ಲ. ಆದರೆ ಅಂಥ ಕಡೆಯಿಂದ ಬಂದು ಉಳಿದ ನಾಲ್ಕು ತಾಸನ್ನೂ ನೀನೇ ಪಟ್ಟಿ ಮಾಡಿ ತುಂಬುತ್ತಿದ್ದೀಯಲ್ಲ, ಅದು ನನಗೆ ನೋಡಲು ಆಗುವುದಿಲ್ಲ.

ಇಪ್ಪತ್ತೊಂದು ದಿನ ಎಲ್ಲಿಂದ ಬಂತು ಅಂತ ಮಗಳನ್ನು ಕೇಳಿದೆ. ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದ. ಮೂಗು, ಮುಖ ಸರಿ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ ಇಪ್ಪತ್ತೊಂದು ದಿನ ಬೇಕು ಅಂತ 1960ರಲ್ಲಿ ಬರೆದ. ಕಡಿಮೆ ಅಂದರೂ ಅನ್ನುವುದು ಬಿದ್ದು ಹೋಯಿತು, ಮುಖದ ಮಾತೂ ಬಿದ್ದು ಹೋಯಿತು, ಇಪ್ಪತ್ತೊಂದು ಮಾತ್ರ ಉಳಿಯಿತು. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನಿಜವಾಗಿ ನೋಡಿದರು. ಒಂದು ಸಣ್ಣ ರೂಢಿ ತಾನಾಗಿಯೇ ನಡೆಯುವ ಹಾಗೆ ಆಗಲು ಸರಾಸರಿ 66 ದಿನ. ಒಬ್ಬರಿಗೆ 18, ಇನ್ನೊಬ್ಬರಿಗೆ ಲೆಕ್ಕ ಹಾಕಿದರೆ 254. ನನಗೆ ಇಷ್ಟವಾದದ್ದು ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಫರಕು ಬೀಳಲಿಲ್ಲವಂತೆ. ನೀನು ಅದೇ ಒಂದು ದಿನಕ್ಕೆ ನೂರು ರೂಪಾಯಿ ದಂಡ ಇಟ್ಟಿದ್ದೀಯಾ!

ಹತ್ತು ಸಾವಿರ ಹೆಜ್ಜೆಯೂ ಹಾಗೇ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ತಂದಿತು. ಅದರ ಹೆಸರಿನಲ್ಲೇ ಹತ್ತು ಸಾವಿರ ಇತ್ತು. ಡಾಕ್ಟರು ಬರೆದುಕೊಟ್ಟದ್ದಲ್ಲ. ನಡೆಯುವುದು ಒಳ್ಳೆಯದೇ, ಗಗನ್ ಮಹಲ್ ಕಡೆ ನಾನೂ ನಡೆಯುತ್ತೇನೆ. ಆದರೆ ಅಲ್ಲಿ ಒಬ್ಬರು ಗೆಳತಿ ಇದ್ದಾರೆ, ಎಣಿಕೆ ಪೂರ್ತಿ ಆಗಲಿಲ್ಲ ಅಂತ ರಾತ್ರಿ ಹತ್ತಕ್ಕೆ ಮನೆಯ ಪಡಸಾಲೆಯಲ್ಲಿ ಗಿರಗಿರ ತಿರುಗುತ್ತಾರೆ. ಅವರ ಸೊಸೆಗೆ ತಲೆ ಸುತ್ತು.

ಈಗ ಆ ದಪ್ಪ ಅಕ್ಷರ. ‘ಕಾಯಕವೇ ಕೈಲಾಸ’ ಅಂತ ಹೇಳಿದ್ದು ಆಯ್ದಕ್ಕಿ ಮಾರಯ್ಯ. ಬಸವಣ್ಣನ ಮಾತು ಅಂದುಕೊಂಡವರೇ ಜಾಸ್ತಿ, ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ನಮಗೂ ಹಾಗೆ ಅಂದುಕೊಳ್ಳಲು ಖುಷಿ. ಮಾರಯ್ಯನ ಕೆಲಸ ಏನು? ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು. ಅದರಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ನೋಡಿದಳು. ಆಹಾ ಇವತ್ತು ಬಹಳ ದುಡಿದೆ ಅನ್ನಲಿಲ್ಲ. ಇಷ್ಟೊಂದು ಆಸೆ ಯಾಕೆ ಅಂತ ಕೇಳಿದಳು. ನಮಗೆ ಬೇಕಾದಷ್ಟು ಇಟ್ಟು, ಉಳಿದದ್ದನ್ನು ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಆತ ಹೋಗಿ ಸುರಿದು ಬಂದ. ಹನ್ನೆರಡನೇ ಶತಮಾನದ ಮಾತು ಇದು. ಗಂಡನ ಒಂದು ಸಾಲನ್ನು ಆಫೀಸಿನ ಗೋಡೆಗೆ ಹಚ್ಚುತ್ತಾರೆ, ಪೋಸ್ಟರಿಗೆ ಹಚ್ಚುತ್ತಾರೆ. ಹೆಂಡತಿ ಹೇಳಿದ್ದನ್ನು ಹಚ್ಚಿದರೆ ಟಾರ್ಗೆಟ್ ಕೊಡುವುದು ಹೇಗೆ, ಅಲ್ವಾ?

ನೀನು ಅಂದುಕೊಳ್ಳಬಹುದು, ಅತ್ತಿ ಆರಾಮ ಇರು ಅನ್ನುತ್ತಿದ್ದಾಳೆ ಅಂತ. ಅಲ್ಲ. ಶಿಸ್ತು ಬೇಡ ಅಂತ ವಿಜಯಪುರದಲ್ಲಿ ಕೂತು ಹೇಳಿದರೆ ಜನ ನಗುತ್ತಾರೆ. ನಮ್ಮ ಜ್ಞಾನಯೋಗಾಶ್ರಮದ ಸ್ವಾಮಿಗಳು, ಸಿದ್ಧೇಶ್ವರ ಅಪ್ಪಗಳನ್ನು ಕಂಡ ಊರು ಇದು. ಅವರ ಪ್ರವಚನಕ್ಕೆ ಚಳಿಯಲ್ಲೂ ಬೆಳಗ್ಗೆಯೇ ಜನ ಹೋಗಿ ಕೂಡುತ್ತಿದ್ದರು. ಅಷ್ಟು ಓದು, ಅಷ್ಟು ದುಡಿಮೆ, ಅಂಗಿಗೆ ಮಾತ್ರ ಜೇಬಿರಲಿಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ಟರೆ ಬೇಡ ಅಂದರು. 2023ರ ಜನವರಿ 2ಕ್ಕೆ ಅವರು ಹೋದಾಗ ಊರಿಗೆ ಊರೇ ರಸ್ತೆಯಲ್ಲಿತ್ತು. ಅವರ ಶಿಸ್ತು ಯಾರನ್ನೂ ಹಿಂದೆ ಹಾಕಲಿಕ್ಕೆ ಇರಲಿಲ್ಲ. ನಿನ್ನ ಪಟ್ಟಿಯಲ್ಲಿ ಮೊದಲ ಸಾಲೇ ‘ಉಳಿದವರು ಮಲಗಿರುವಾಗ ಮುಂದೆ ಹೋಗಿ’ ಅಂತ ಇದೆ. ಮಲಗಿರುವವರು ನಿನ್ನ ಅಪ್ಪ, ಅವ್ವ, ತಂಗಿ. ಅವರನ್ನು ಬಿಟ್ಟು ಎಲ್ಲಿಗೆ ಹೋಗುತ್ತೀಯಾ?

ಚಾಟ್ನಿ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀನು ದ್ರಾಕ್ಷಿ ತಿನ್ನಲು ಬಂದವನು, ಗಿಡ ನೋಡಿದವನಲ್ಲ. ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತೇವೆ. ಏಪ್ರಿಲ್ ಚಾಟ್ನಿ ಆದ ಮೇಲೆ ಹಣ್ಣಿಲ್ಲ. ಬರೀ ಕಡ್ಡಿ ಬೆಳೆಯಬೇಕು, ಬಲಿಯಬೇಕು, ಒಳಗೆ ಮುಂದಿನ ಗೊನೆ ತಯಾರಾಗಬೇಕು. ನೋಡಿದವರಿಗೆ ಅಷ್ಟು ತಿಂಗಳು ತೋಟ ಸುಮ್ನೆ ನಿಂತಿದೆ ಅನ್ನಿಸುತ್ತದೆ. ಔಷಧಿ, ನೀರು, ಗೊಬ್ಬರ, ಖರ್ಚೆಲ್ಲ ಇದ್ದೇ ಇರುತ್ತದೆ, ಒಂದು ರೂಪಾಯಿ ಬರುವುದಿಲ್ಲ. ಅಕ್ಟೋಬರ್ ಚಾಟ್ನಿಯ ಹಣ್ಣು ನಿಂತಿರುವುದು ಆ ತಿಂಗಳುಗಳ ಮೇಲೆ. ಆಮೇಲೆ ಗೊನೆ ಬಂದಾಗ ಇನ್ನೊಂದು ಕಷ್ಟದ ಕೆಲಸ. ಜಾಸ್ತಿಯಾದ ಗೊನೆಗಳನ್ನು ಕಿತ್ತು ಕೆಳಗೆ ಹಾಕಬೇಕು. ಹೊಸದಾಗಿ ತೋಟ ಮಾಡಿದವರಿಗೆ ಕೈ ಬರುವುದಿಲ್ಲ. ದೇವರು ಕೊಟ್ಟದ್ದು ಇರಲಿ ಅಂತ ಎಲ್ಲ ಬಿಡುತ್ತಾರೆ. ಕಾಳು ಸಣ್ಣದಾಗುತ್ತದೆ, ಸಕ್ಕರೆ ಏರುವುದಿಲ್ಲ, ಒಣದ್ರಾಕ್ಷಿ ಮಾಡಿದರೂ ತೂಕ ಬರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಬಳ್ಳಿ ಸೋತು ಮರುವರ್ಷ ಗೊನೆಯೇ ಸರಿಯಾಗಿ ಬಿಡುವುದಿಲ್ಲ. ನಿನ್ನ ಪಟ್ಟಿ ನೋಡಿದಾಗ ನನಗೆ ಅಂಥ ಬಳ್ಳಿಯೇ ಕಂಡಿತು.

ಹಾಗಾಗಿ ಕಿತ್ತು ಹಾಕು. ಮೊದಲು ಆ ಎರಡು ತಾಸಿನ ಇನ್ನೊಂದು ಸಂಪಾದನೆ. ಮನೆ ಸಾಲದ ಕಂತು ಭಾರವಾಗಿದೆಯೇನು? ಇದ್ದರೆ ಅಣ್ಣನಿಗೆ ಹೇಳು, ನನಗೆ ಹೇಳು. ಮಾರ್ಚ್‌ನಲ್ಲಿ ಮಾಲು ಮಾರಿದ ಮೇಲೆ ಏನಾದರೂ ನೋಡೋಣ. ಅದು ಸಾಲದ ಮಾತು ತಮ್ಮಾ, ನಿನ್ನ ಸ್ವಭಾವ ತಿದ್ದಿಕೊಳ್ಳುವ ಮಾತಲ್ಲ. ದುಡ್ಡಿನ ಅಡಚಣೆಗೆ ತಣ್ಣೀರು ಸ್ನಾನ ಮಾಡಿದರೆ ನೆಗಡಿ ಬರುತ್ತದೆ ಅಷ್ಟೇ. ನಿದ್ದೆಯ ವಿಷಯ ಇಲ್ಲಿ ಎಲ್ಲರ ಮುಂದೆ ಬೇಡ, ರಾತ್ರಿ ಫೋನ್ ಮಾಡು.

ನನ್ನದು ಏನು ಅಂತ ಕೇಳಿದರೆ, ಬಹಳ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ತೋಟದ ಲೆಕ್ಕ ಬರೆಯುತ್ತೇನೆ. ಯಾರಿಗೆ ಕೂಲಿ ಕೊಟ್ಟೆ, ಯಾವ ಔಷಧಿ ಹೊಡೆದೆವು, ಮಳೆ ಬಂತೋ ಇಲ್ಲವೋ. ಎರಡು ಮೂರು ಸಾಲು. ಕೆಲವು ದಿನ ತಪ್ಪುತ್ತದೆ, ಮರುದಿನ ನೆನಪಿದ್ದಷ್ಟು ಸೇರಿಸುತ್ತೇನೆ. ಆ ವಹಿಯಿಂದ ನನಗೆ ಆದ ಉಪಕಾರ ಯಾವ ಭಾಷಣದಿಂದಲೂ ಆಗಿಲ್ಲ, ಅಂಗಡಿಯವರು ಔಷಧಿಯ ಬಿಲ್ಲಿನಲ್ಲಿ ಹೆಚ್ಚು ಹಾಕಿದರೆ ತಟ್ಟನೆ ಸಿಗುತ್ತದೆ. ರಾತ್ರಿ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬರುತ್ತೇನೆ. ಇಷ್ಟೇ. ಓದು ಅಂದರೆ ಪೇಪರ್, ಮನಸ್ಸಿದ್ದರೆ ಒಂದೆರಡು ವಚನ. ಸಕ್ಕರೆ ಬಂದ್ ಮಾಡುವ ಮಾತು ನಾನು ಆಡುವುದೇ ಇಲ್ಲ, ಬೆಳಗಾವಿ ಅಕ್ಕ ಬರುವಾಗ ಕುಂದಾ ತರುತ್ತಾಳೆ, ಆಮೇಲೆ ಮಾತು ಹೋಗುತ್ತದೆ.

ನಿನಗೆ ಓದಿನ ಆಸೆ ಇದೆ, ಸಣ್ಣವನಿದ್ದಾಗಿನಿಂದ ಗೊತ್ತು. ಅದೊಂದನ್ನು ಇಟ್ಟುಕೋ. ಐವತ್ತು ಪುಟ ಬೇಡ, ಊಟ ಆದ ಮೇಲೆ ಕೂತು ಎಷ್ಟು ಆಗುತ್ತದೋ ಅಷ್ಟು. ಬೇಸರ ಬಂದ ದಿನ ಮುಚ್ಚಿಟ್ಟು ಮಲಗು. ಉಳಿದದ್ದು ಮಳೆಗಾಲಕ್ಕೆ ನೋಡೋಣ.

ಎಳ್ಳಮಾವಾಸ್ಯೆಗೆ ಬಾ. ಹೊಲಕ್ಕೆ ಹೋಗೋಣ, ಚರಗ ಚೆಲ್ಲಿ ಅಲ್ಲೇ ಊಟ. ಒಂದು ದಿನ ರಜೆ ಈಗಲೇ ಕೇಳಿ ಇಟ್ಟುಕೋ, ಹಿಂದಿನ ದಿನ ಕೇಳಿದರೆ ಕೊಡುವುದಿಲ್ಲ. ವೈನಿ, ಸಜ್ಜಿ ಹಿಟ್ಟು ನಾನು ಬೀಸಿಸಿ ತರುತ್ತೇನೆ. ಪುಂಡಿಪಲ್ಯೆ ಮತ್ತು ಶೇಂಗಾ ಹಿಂಡಿ ನಿಮ್ಮದು. ಅಣ್ಣಾ, ಎಷ್ಟು ಜನ ಆಗುತ್ತೇವೆ ಅಂತ ರವಿವಾರದೊಳಗೆ ಹೇಳು, ಗಾಡಿ ನೋಡಬೇಕು.