ಗೆಣ್ಣಿನ ಬಳಿ ಬಿಗಿಯಾಗುವ ಲಾಸ್ಟ್ ಅನ್ನು ತಿದ್ದುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ಕೈಯಿಂದ ಶೂ ತಯಾರಿಸುವುದನ್ನು ಕಲಿಯುತ್ತಿದ್ದೇನೆ. ನನ್ನ ಬಳಿ ಇರುವುದು 42ನೇ ಅಳತೆಯ, ನಡುವೆ ಮಡಚಿಕೊಳ್ಳುವ ಪ್ಲಾಸ್ಟಿಕ್ ಲಾಸ್ಟ್ (ಶೂವಿಗೆ ಆಕಾರ ಕೊಡುವ ಪಾದದಂತಹ ಅಚ್ಚು) ಜೋಡಿ. ಉದ್ದವೂ ಹಿಮ್ಮಡಿಯೂ ನನ್ನ ಪಾದಕ್ಕೆ ಹೊಂದುತ್ತವೆ. ಆದರೆ ಬೆರಳುಗಳ ಬುಡದ ಗೆಣ್ಣುಗಳ ಬಳಿ ಪಾದದ ಸುತ್ತಳತೆ 248 ಮಿ.ಮೀ. ಇದ್ದರೆ ಲಾಸ್ಟ್‌ನದು 240 ಮಾತ್ರ. ಪಾದದ ಮೇಲುಬ್ಬಿನಲ್ಲಿಯೂ 5 ಮಿ.ಮೀ. ಸಾಲದು. ಜೊತೆಗೆ ಬಲಗಾಲಿನ ಹೆಬ್ಬೆರಳ ಗೆಣ್ಣು ಒಳಬದಿಗೆ ಚಾಚಿಕೊಂಡಿದೆ. 43ನೇ ಅಳತೆಯದನ್ನು ಕೊಳ್ಳಬೇಕೋ, ಅಥವಾ ಇದಕ್ಕೇ ಕಾರಿನ ಪುಟ್ಟಿ ಮೆತ್ತಿ ತಿದ್ದಬಹುದೋ ತಿಳಿಸಿ.

ಉತ್ತರ 1:
ದಯವಿಟ್ಟು 43ಕ್ಕೆ ಹೋಗಬೇಡಿ. ಯುರೋಪಿನ ಅಳತೆಯಲ್ಲಿ ಒಂದು ಸಂಖ್ಯೆ ಏರಿದರೆ ಉದ್ದ ಸುಮಾರು 6.7 ಮಿ.ಮೀ. ಹೆಚ್ಚುತ್ತದೆ, ಸುತ್ತಳತೆ ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸಿನಲ್ಲಷ್ಟೇ ಹೆಚ್ಚುತ್ತದೆ. ನಿಮಗೆ ಬೇಕಾದ ಅಗಲ ಸಿಗದೆ, ಈಗ ಸರಿಯಾಗಿ ಕೂತಿರುವ ಹಿಮ್ಮಡಿ ಸಡಿಲವಾಗುತ್ತದೆ, ಶೂ ಬಾಗುವ ಜಾಗವೂ ನಿಮ್ಮ ಗೆಣ್ಣಿಗಿಂತ ಮುಂದಕ್ಕೆ ಸರಿಯುತ್ತದೆ.

ಮೊದಲು ಅಳತೆಯನ್ನು ನಿಂತು ತೆಗೆದಿರೋ ಕುಳಿತು ತೆಗೆದಿರೋ ನೋಡಿಕೊಳ್ಳಿ. ಮೈಭಾರ ಬಿದ್ದಾಗ ಪಾದ ಹರಡಿಕೊಳ್ಳುವುದರಿಂದ ಎರಡೂ ಅಳತೆಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎಷ್ಟು ಸಾಲದು ಎಂಬುದನ್ನು ಟೇಪು ಹೇಳುತ್ತದೆಯೇ ಹೊರತು ಎಲ್ಲಿ ಸಾಲದು ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಪೆನ್ಸಿಲನ್ನು ನೆಟ್ಟಗೆ ಹಿಡಿದು ಕಾಗದದ ಮೇಲೆ ಪಾದದ ಗೆರೆ ಎಳೆದು, ಲಾಸ್ಟ್‌ನ ತಳವನ್ನು ಅದರ ಮೇಲಿಟ್ಟು, ಕೊರತೆ ಪಕ್ಕದಲ್ಲಿದೆಯೋ ಎತ್ತರದಲ್ಲಿದೆಯೋ ಪರೀಕ್ಷಿಸಿ. ಲಾಸ್ಟ್‌ನ ತಳ ಪಾದದ ಗೆರೆಗಿಂತ ಸ್ವಲ್ಪ ಕಿರಿದಾಗಿರುವುದು ಸಹಜವಾದದ್ದು. ಹೆಬ್ಬೆರಳ ಗೆಣ್ಣಿನಲ್ಲಿ ಮಾತ್ರ ಗೆರೆ ಎದ್ದುಕಾಣುವಷ್ಟು ಹೊರಗೆ ಉಳಿದರೆ ಅಲ್ಲಿ ಪಕ್ಕಕ್ಕೆ ಕಟ್ಟಬೇಕು.

ಇಲ್ಲಿ ಒಂದು ಲೆಕ್ಕ ನೆನಪಿರಲಿ. ಲಾಸ್ಟ್‌ನ ಒಂದು ಅಂಚಿನಿಂದ ಮೇಲೆ ಹಾಯ್ದು ಇನ್ನೊಂದು ಅಂಚಿನವರೆಗೆ ಒಂದೇ ದಪ್ಪದ ಚರ್ಮ ಹೊದಿಸಿದರೆ ಸುತ್ತಳತೆ ಆ ದಪ್ಪದ ಸುಮಾರು ಮೂರು ಪಟ್ಟು ಏರುತ್ತದೆ, ಅಂಚುಗಳನ್ನು ಸವರಿ ತೆಳುವಾಗಿಸಿದಾಗ ಅದಕ್ಕಿಂತ ಕಡಿಮೆ. ಪಕ್ಕದ ಗೆಣ್ಣಿಗೆ ಅಂಟಿಸಿದ ಒಂದು ತುಂಡಾದರೆ ಹೆಚ್ಚೆಂದರೆ ತನ್ನ ದಪ್ಪದ ಆಸುಪಾಸಿನಷ್ಟನ್ನೇ ಸೇರಿಸುತ್ತದೆ. ಹಾಗಾಗಿ ಬಲಗಾಲಿನಲ್ಲಿ ಗೆಣ್ಣಿನ ತುಂಡನ್ನು ಮೊದಲು ಕೂರಿಸಿ, ಮತ್ತೆ ಅಳೆದು, ಉಳಿದದ್ದನ್ನು ಮೇಲಿನಿಂದ ತುಂಬಿಸಿ.

ಉತ್ತರ 2:
ಪುಟ್ಟಿಯ ಬಗ್ಗೆ ಹೇಳುತ್ತೇನೆ. ಲಾಸ್ಟ್‌ನ ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಥಿಲೀನ್ ಆಗಿರುವುದರಿಂದ ಅದಕ್ಕೆ ಯಾವುದೂ ಸುಲಭವಾಗಿ ಅಂಟುವುದಿಲ್ಲ, ಒಣಗಿದ ಪುಟ್ಟಿ, ಶೂವಿನ ಚರ್ಮವನ್ನು ಲಾಸ್ಟ್‌ಗೆ ಎಳೆದು ಮೊಳೆ ಹೊಡೆದಾಗ ಬಿರುಕು ಬಿಟ್ಟು ಎದ್ದು ಬರುತ್ತದೆ. ಮರದ ತೊಗಟೆಯ ಕಷಾಯದಲ್ಲಿ ಹದಮಾಡಿದ ಗಟ್ಟಿ ಅಟ್ಟೆಚರ್ಮವೇ ಇದಕ್ಕೆ ಯೋಗ್ಯ. ಮೊಳೆಯನ್ನು ಹಿಡಿದುಕೊಳ್ಳುತ್ತದೆ, ಅರದಿಂದ ಉಜ್ಜಿದರೆ ಬೇಕಾದ ಆಕಾರಕ್ಕೆ ಬರುತ್ತದೆ. ಲಾಸ್ಟ್‌ನ ಮೈಯನ್ನು ಒರಟು ಮರಳು ಕಾಗದದಿಂದ ಚೆನ್ನಾಗಿ ಗೀರಿ, ಎರಡೂ ಕಡೆ ಸೊಲ್ಯೂಷನ್ ಹಚ್ಚಿ, ಅದು ಕೈಗೆ ಅಂಟದಷ್ಟು ಒಣಗಿದ ಮೇಲೆ ಚರ್ಮವನ್ನು ಕೂರಿಸಿ ಸುತ್ತಿಗೆಯಿಂದ ತಟ್ಟಿ. ಅನಂತರ ಅರದಿಂದ ಅಂಚನ್ನು ತೆಗೆಯುತ್ತ ಹೋಗಿ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಚರ್ಮ ಎಲ್ಲಿ ಮುಗಿದು ಪ್ಲಾಸ್ಟಿಕ್ ಎಲ್ಲಿ ಶುರುವಾಯಿತೆಂದು ತಿಳಿಯಬಾರದು. ಅಲ್ಲಿ ಮೆಟ್ಟಿಲು ಉಳಿದರೆ ಶೂವಿನ ಮೇಲ್ಚರ್ಮದ ಮೇಲೆ ಗೆರೆಯಾಗಿ ಮೂಡುತ್ತದೆ. ವೇಗವಾಗಿ ತಿರುಗುವ ಯಂತ್ರವನ್ನು ಪ್ಲಾಸ್ಟಿಕ್‌ಗೆ ತಗುಲಿಸಬೇಡಿ, ಅದು ಕರಗಿ ಮೆತ್ತಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಪುಟ್ಟಿಯನ್ನು ಕೈಬಿಟ್ಟೆ. ಮೇಲುಬ್ಬಿನ ತುಂಡು ಲಾಸ್ಟ್ ಮಡಚುವ ಸೀಳನ್ನು ದಾಟಿ ಹೋಗಬಹುದೇ? ಒಳಅಟ್ಟೆಯ (ಶೂವಿನೊಳಗೆ ಪಾದದಡಿ ಬರುವ ಪದರದ) ನಮೂನೆಯನ್ನು ಲಾಸ್ಟ್ ತಿದ್ದುವ ಮೊದಲು ತೆಗೆಯಬೇಕೇ, ಅನಂತರವೇ?

ಉತ್ತರ 1:
ಸೀಳನ್ನು ದಾಟಿಸಬೇಡಿ. ಲಾಸ್ಟ್ ಮಡಚಿದಾಗ ಆ ಸೀಳು ಮುಚ್ಚಿಕೊಳ್ಳಬೇಕು. ಮೇಲೆ ಚರ್ಮ ಹಾಯ್ದಿದ್ದರೆ ಅದು ಮುಚ್ಚದೆ, ಮುಗಿದ ಶೂವಿನಿಂದ ಲಾಸ್ಟ್ ಎಳೆಯುವಾಗ ಹಿಂಭಾಗದ ಹೊಲಿಗೆಯೇ ಕಿತ್ತುಬರಬಹುದು. ತುಂಡನ್ನು ಸೀಳಿನ ಮುಂದಿನ ಅಂಚಿಗೇ ನಿಲ್ಲಿಸಿ, ಹಿಂದೆಯೂ ಎತ್ತರ ಬೇಕಾದರೆ ಅಲ್ಲಿಗೆ ಬೇರೆ ತುಂಡನ್ನು ಅಂಟಿಸಿ.

ಒಳಅಟ್ಟೆಯ ವಿಚಾರ ಕಟ್ಟಿದ ಜಾಗವನ್ನು ಅವಲಂಬಿಸಿದೆ. ಹೆಬ್ಬೆರಳ ಗೆಣ್ಣಿನ ತುಂಡು ತಳದ ಅಂಚಿನವರೆಗೂ ಇಳಿದು ಆ ಅಂಚನ್ನೇ ಹೊರಗೆ ತಳ್ಳಿದ್ದರೆ ಬಲಗಾಲಿನ ನಮೂನೆಯನ್ನು ಲಾಸ್ಟ್ ತಿದ್ದಿದ ನಂತರವೇ ತೆಗೆಯಬೇಕು. ಮೇಲುಬ್ಬಿನ ತುಂಡಿನಿಂದ ಒಳಅಟ್ಟೆ ಬದಲಾಗುವುದಿಲ್ಲ, ಮೇಲ್ಚರ್ಮದ ನಮೂನೆ ಮಾತ್ರ ಬದಲಾಗುತ್ತದೆ. ಅದನ್ನು ಎರಡೂ ಕಾಲಿಗೆ ಬೇರೆಬೇರೆಯಾಗಿ ತೆಗೆದು, ಅಗ್ಗದ ಚರ್ಮದಲ್ಲಿ ಒಂದು ಪರೀಕ್ಷಾ ಶೂ ಎಳೆದು ತೊಟ್ಟು ನೋಡಿ, ಆಮೇಲೆ ಒಳ್ಳೆಯ ಚರ್ಮವನ್ನು ಕತ್ತರಿಸಿ.