ಲೆಕ್ಕದಾಗ ಇಲ್ಲದ ಐದು ಎಲ್ಲಿಂದ ಬಂತ್ರಿ?

ಪ್ರಶ್ನೆ: ಜಮಖಂಡಿಯಿಂದ, ಒಬ್ಬ ತಾಯಿ

ನಮಸ್ಕಾರ್ರಿ. ಮಗಳು ಏಳನೇತ್ತಾ ಅದಾಳ. ನಾ ಹೊಲಿಗಿ ಮಷಿನ್ ಮುಂದ ಕುಂತೇ ಆಕಿ ಅಭ್ಯಾಸ ನೋಡ್ತೀನಿ. ಲೆಕ್ಕ ಹಿಂಗೈತಿ: ಇಬ್ರು ಕೂಡಿ ವ್ಯಾಪಾರ ಮಾಡ್ತಾರ. ಒಬ್ಬಾಂವ 12,000 ರೂಪಾಯಿ ಹಾಕ್ಯಾನ, ಇನ್ನೊಬ್ಬಾಂವ 18,000. ಲಾಭ 7,500. ಯಾರಿಗೆಷ್ಟು?

ಅನುಪಾತ 2:3 ಅಂತ ಲಗೂನ ತಗದ್ಲು. ಆಮ್ಯಾಲ 7,500ರ ಮೂರರಾಗ ಎರಡು ಪಾಲು, ಅಂದ್ರ 5,000, ಮೊದಲನೇದಾಂವಂದು ಅಂದ್ಲು. ಪುಸ್ತಕದ ಹಿಂದ ಉತ್ತರ 3,000 ಐತಿ. ಐದರಿಂದ ಭಾಗಿಸ್ಬೇಕವ್ವಾ ಅಂದ್ನಿ. "ಲೆಕ್ಕದಾಗ ಎಲ್ಲೂ ಐದಿಲ್ಲಲ್ಲ, ನೀ ಎಲ್ಲಿಂದ ತಂದಿ?" ಅಂತ ಕೇಳಿದ್ಲು. ಹಂಗ ಮಾಡ್ಬೇಕು ಅಂತ ಹೇಳಿ ಬಾಯಿ ಮುಚ್ಚಿಸೂದು ನನಗ ಬ್ಯಾಡಾಗೈತಿ. ಆಕಿ ಕೇಳಿದ್ದು ಬರೋಬ್ಬರಿ ಐತಿ. ತಿಳಿಯೂ ಹಂಗ ಯಾರರೆ ಹೇಳ್ರಿ.

ಉತ್ತರ: ಬಾಗಲಕೋಟಿಯ ಗೌಂಡಿ

ಅಕ್ಕಾರ, ಗ್ವಾಡಿ ಕಟ್ಟೂ ಮಾಲು 1:6 ಅಂದ್ರ ಒಂದು ಬುಟ್ಟಿ ಸಿಮೆಂಟಿಗೆ ಆರು ಬುಟ್ಟಿ ಉಸುಕು. ಕಲಸೂಕಿಂತ ಮೊದ್ಲ ನೆಲದ ಮ್ಯಾಲ ಬಿದ್ದದ್ದು ಏಳು ಬುಟ್ಟಿ. ಅದರಾಗ ಸಿಮೆಂಟು ಏಳರಾಗ ಒಂದು, ಆರರಾಗ ಒಂದಲ್ಲ. ಹೊಸಾ ಹುಡುಗ್ರು ಆರಂದ್ರ ಒಟ್ಟು ಆರು ಅಂತ ತಿಳ್ಕೊಂಡು ಐದು ಬುಟ್ಟಿ ಉಸುಕು ಹಾಕಿದ್ರ ಅದು 1:5 ಆತು, ಸಿಮೆಂಟು ದಂಡ. ಎರಡು ಚುಕ್ಕಿ ಆಕಡಿ ಈಕಡಿ ಇರೂದು ಬ್ಯಾರೆ ಬ್ಯಾರೆ ಪಾಲು. ಎರಡೂ ಕೂಡಿಸಿದ್ರನ ಒಟ್ಟು ಬರೂದು. ನಿಮ್ಮ ಮಗಳ ಐದು ಅಲ್ಲೇ ಐತ್ರಿ.

ಉತ್ತರ: ವಿಜಯಪುರದ ಗಣಿತ ಶಿಕ್ಷಕಿ

ಗೌಂಡಿ ಅಣ್ಣಾರು ಹೇಳಿದ್ದನ್ನೇ ಹಾಳೆ ಮೇಲೆ ಬಿಡಿಸಿ ತೋರಿಸ್ರಿ. ಒಂದೇ ಅಳತೆಯ ಐದು ಚೌಕ. ಎರಡು ಮೊದಲಿನವರದು, ಮೂರು ಎರಡನೆಯವರದು. ಐದಕ್ಕೂ ಸೇರಿ 7,500, ಹಾಗಾದರೆ ಒಂದು ಚೌಕಕ್ಕೆ 1,500. ಒಬ್ಬರಿಗೆ 3,000, ಮತ್ತೊಬ್ಬರಿಗೆ 4,500.

ಹುಡುಗಿಯ "ಮೂರರಲ್ಲಿ ಎರಡು" ದಯವಿಟ್ಟು ಕಾಟು ಹೊಡೀಬ್ಯಾಡ್ರಿ. ಅದೂ ನಿಜ, ಆದರೆ ಒಟ್ಟು ಲಾಭದಲ್ಲಿ ಅಲ್ಲ, ಎರಡನೆಯವರ ಪಾಲಿನಲ್ಲಿ. 4,500ರ ಮೂರರಲ್ಲಿ ಎರಡು ಅಂದರೆ 3,000 ತಾನೇ? "ಯಾವುದರಲ್ಲಿ?" ಅಂತ ಪ್ರತಿ ಸಲ ಕೇಳಿಕೊಳ್ಳಲಿ. ಶೇಕಡಾ ಲೆಕ್ಕ ಬಂದಾಗಲೂ ಇದೇ ಪ್ರಶ್ನೆ ಬೇಕಾಗುತ್ತದೆ. ಹಾಕಿದ್ದನ್ನೆಲ್ಲ ಕೂಡಿಸಿ ಅದರಿಂದ ಭಾಗಿಸುವ ಈ ಕ್ರಮವನ್ನು ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ 'ಲೀಲಾವತಿ'ಯಲ್ಲಿ ಕೊಟ್ಟಿದ್ದಾರೆ, ಅದೂ ಪಾಲುದಾರರ ಲೆಕ್ಕಕ್ಕೇ. ಮಗಳಿಗೆ ಇದನ್ನೂ ಹೇಳ್ರಿ, ಹಿಗ್ಗುತ್ತಾಳೆ.

ಮತ್ತೆ ಜಮಖಂಡಿಯಿಂದ

ಚೌಕ ಬರದ ಕೂಡ್ಲೆ ತಿಳೀತ್ರಿ. ತಾನ ಒಂದು ಲೆಕ್ಕ ಹುಟ್ಟಿಸ್ಯಾಳ: 5,400 ರೂಪಾಯಿ, ಮೂರು ಮಂದಿ, 2:3:4. ಒಂಬತ್ತು ಚೌಕ, ಒಂದಕ್ಕ 600. 1,200, 1,800, 2,400 ಅಂತ ಹಂಚಿ, ಕೂಡಿಸಿ ನೋಡಿದ್ಲು. ಈಗ ಮತ್ತೊಂದು ಕೇಳಾಕತ್ಯಾಳ. 18,000 ಹಾಕಿದಾಂವ ನಾಕು ತಿಂಗಳ ತಡಾ ಮಾಡಿ ಬಂದ್ರ, ವರ್ಷದ ಲಾಭದಾಗ ಅವಂಗ ಅಷ್ಟ ಕೊಡೂದೇನು?

ಉತ್ತರ: ಶಿಕ್ಷಕಿ

ಎಂಥಾ ಚಲೋ ಪ್ರಶ್ನೆ! ಆಗ ರೊಕ್ಕದ ಜೊತೆ ತಿಂಗಳನ್ನೂ ಗುಣಿಸಬೇಕು. 12,000 ಇದ್ದದ್ದು 12 ತಿಂಗಳು: 1,44,000. 18,000 ಇದ್ದದ್ದು 8 ತಿಂಗಳು: ಅದೂ 1,44,000. ಅನುಪಾತ 1:1, ಎರಡೇ ಚೌಕ, ಇಬ್ಬರಿಗೂ 3,750. ಐದು ತಿಂಗಳು ತಡವಾಗಿ ಬಂದಿದ್ದರೆ ಯಾರಿಗೆ ಹೆಚ್ಚು ಅಂತ ಆಕೆಯೇ ತೆಗೆದು ಇಲ್ಲಿ ಬರೀಲಿ.