ದುಬೈದಾಗ ನಮ್ಮ ಅಕ್ಕಿ ಬ್ರಾಂಡು ಡೀಲರ್ ಹೆಸ್ರಿಗೆ ರಿಜಿಸ್ಟರ್ ಆಗೇತಿ, ಏನ್ ಮಾಡೋದು?

ಕಾರಟಗಿ_ಮಿಲ್: ನಮ್ದು ರೈಸ್ ಮಿಲ್ ಐತ್ರಿ, ಸೋನಾ ಮಸೂರಿ ನಮ್ಮ ಬ್ರಾಂಡಿನಾಗ ದುಬೈಗೆ ಹೋಗ್ತಿತ್ತು. 2023 ಜುಲೈದಾಗ ಬಿಳಿ ಅಕ್ಕಿ ಎಕ್ಸ್‌ಪೋರ್ಟ್ ಬಂದ್ ಮಾಡಿದ್ರಲ್ಲ, ಮಾಲು ನಿಂತ ಮ್ಯಾಲೆ ಅಲ್ಲಿ ಡೀಲರ್ ನಮ್ದ ಚೀಲ, ಅದ ಜೋಡೆತ್ತಿನ ಚಿತ್ರ ಪ್ರಿಂಟ್ ಹೊಡಿಸಿ ಯಾವುದೋ ದೇಶದ ಅಕ್ಕಿ ತುಂಬಿ ಮಾರ್ಯಾನ, ಸಾಲದ್ದಕ್ಕ ಬ್ರಾಂಡೂ ತನ್ನ ಹೆಸ್ರಿಗೆ ಮಾಡ್ಕೊಂಡಾನ. ಈಗ ನಾವು ಬ್ಯಾರೆಯವ್ರಿಗೆ ಕಳಿಸಿದ್ರ ನಮಗ ನೋಟಿಸು! ಇಲ್ಲಿ 30ನೇ ಕ್ಲಾಸಿನಾಗ (ಅಕ್ಕಿ ಬರೋ ಟ್ರೇಡ್‌ಮಾರ್ಕ್ ವರ್ಗ) ಸರ್ಟಿಫಿಕೇಟ್ ಐತಿ, ಕೊಪ್ಪಳ ಜಿಲ್ಲಾ ಕೋರ್ಟಿಗೆ ಹಾಕಿದ್ರ ಆಗಂಗಿಲ್ಲೇನ್ರಿ?

ಸಿಂಧನೂರ್_ಮಂದಿ: ಕೊಪ್ಪಳದ ಆರ್ಡರ್ ತಗೊಂಡು ದುಬೈದಾಗ ಯಾರಿಗೆ ತೋರಿಸ್ತೀರಿ ಅಣ್ಣಾ. ಟ್ರೇಡ್‌ಮಾರ್ಕ್ ಆಯಾ ದೇಶಕ್ಕಷ್ಟ. ಟೊಯೋಟಾದವ್ರ ಪ್ರಿಯಸ್ ಕೇಸ್ ನೋಡ್ರಿ, ಜಪಾನಿನಾಗ 1997ಕ್ಕ ಕಾರ್ ಬಿಟ್ಟಿದ್ರು, ದಿಲ್ಲಿಯವ್ರು ಅದ ಹೆಸ್ರಿನಾಗ ಬಿಡಿಭಾಗ ಮಾರಿದ್ರು, ಹೊರದೇಶದಾಗ ಹೆಸ್ರು ಇದ್ರ ಸಾಲಂಗಿಲ್ಲ, ಆವಾಗ ಇಲ್ಲೂ ಮಂದಿಗೆ ಗೊತ್ತಿತ್ತು ಅಂತ ತೋರಿಸ್ರಿ ಅಂತ 2017ರಾಗ ಸುಪ್ರೀಂ ಕೋರ್ಟ್ ಅವ್ರನ್ನ ಸೋಲಿಸ್ತು. ಅಂಥವ್ರದ ನಡೀಲಿಲ್ಲ.

ಬಳ್ಳಾರಿ_ವಕೀಲ: ಪ್ರಿಯಸ್ ಇದಕ್ಕ ಹೊಂದಂಗಿಲ್ರಿ, ಅವ್ರೇನು ಟೊಯೋಟಾದ ಡೀಲರ್ ಅಲ್ಲ. ನಿಮ್ದು ಡೀಲರ್ ಮಾಡಿದ ಮೋಸ. ಪ್ಯಾರಿಸ್ ಒಪ್ಪಂದ ಅಂತ ಟ್ರೇಡ್‌ಮಾರ್ಕ್, ಪೇಟೆಂಟ್ ಬಗ್ಗೆ ದೇಶದೇಶಗಳ ನಡುವಿನ ಒಪ್ಪಂದ ಐತಿ, ಅದರಾಗ ಇದಕ್ಕಂತನ ಒಂದು ಕಲಮು ಐತಿ, ಏಜೆಂಟ್ ಮಾಲೀಕನ್ನ ಕೇಳಲಾರ್ದ ರಿಜಿಸ್ಟರ್ ಮಾಡಿಸಿದ್ರ ಅದನ್ನ ರದ್ದು ಮಾಡ್ಸಬೋದು. ಭಾರತ, ಯುಎಇ (ದುಬೈ ಇರೋ ದೇಶ) ಎರಡೂ ಅದರಾಗ ಅದಾವು. ಅಲ್ಲಿ ವಕೀಲರನ್ನ ಹಿಡಿದು ರದ್ದತಿಗೆ ಹಾಕ್ರಿ, ಲಗೂನ ಹಾಕ್ರಿ. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್ (ಹಡಗಿನವ್ರು ಮಾಲಿಗೆ ಕೊಡೋ ರಸೀದಿ) ಎಲ್ಲಾ ತೆಗೀರಿ, ಅದರಾಗ ಬ್ರಾಂಡ್ ಹೆಸ್ರು ಬಂದಿರ್ಬೇಕು, ಬರೇ ‘ರೈಸ್’ ಅಂತಿದ್ರ ಉಪಯೋಗ ಇಲ್ಲ. ಅಲ್ಲೀತನಕ ಆ ಚೀಲದಾಗ ಮಾಲು ಕಳಿಸಬ್ಯಾಡ್ರಿ, ಬಂದರದಾಗ ಹಿಡಿಸ್ತಾನ. ಅಗ್ರಿಮೆಂಟ್ ಐತೇನು?

ಕಾರಟಗಿ_ಮಿಲ್: ಅಗ್ರಿಮೆಂಟ್ ಎಲ್ಲಿ ಬಂತ್ರಿ, ಎಲ್ಲಾ ಬಾಯಿಮಾತು. ಆದ್ರ ‘ನಿಮ್ಮ ಎತ್ತಿನ ಚೀಲ ಇನ್ನೊಂದು ಕಂಟೇನರ್ ಬೇಕು’ ಅಂತ ಅವ್ನ ಕಳಿಸಿದ್ದು ವಾಟ್ಸಾಪಿನಾಗ ಐತಿ, 2021ರದ್ದು.

ಬಳ್ಳಾರಿ_ವಕೀಲ: ‘ನಿಮ್ಮ’ ಅಂತ ಅವ್ನ ಬರ್ಕೊಟ್ಟಾನಲ್ರಿ! ಫೋನ್ ಬದಲಿ ಮಾಡಬ್ಯಾಡ್ರಿ, ಚಾಟ್ ಅಳಿಸಬ್ಯಾಡ್ರಿ.

ರಾಯಚೂರು_ಕಾಟನ್: ಉಳಿದ ದೇಶಕ್ಕರ ಈಗ್ಲೇ ಹಾಕ್ಬೋದಲ್ರಿ ಸರ್, ಒಮಾನ್, ಬಹ್ರೇನ್?

ಬಳ್ಳಾರಿ_ವಕೀಲ: ಮ್ಯಾಡ್ರಿಡ್ ಪದ್ಧತಿ ಅಂತ ಐತಿ, ಅದರಾಗ ಸೇರಿದ ದೇಶಗಳಿಗೆ ಟ್ರೇಡ್‌ಮಾರ್ಕಿಗೆ ಇಲ್ಲಿಂದನ ಒಂದ ಅರ್ಜಿ ಸಾಕು, ಅವೆರಡೂ ಅದಾವು, ನಾವು 2013ರಾಗ ಸೇರೀವಿ, ಯುಎಇ 2021ರ ಡಿಸೆಂಬರ್‌ದಾಗ. ಆದ್ರ ಮೊದಲ 5 ವರ್ಷ ಅದು ಇಲ್ಲಿ ರಿಜಿಸ್ಟ್ರೇಷನ್ ಮ್ಯಾಲ ನಿಂತಿರ್ತೈತಿ, ಇಲ್ಲಿದು ರದ್ದಾದ್ರ ಅಲ್ಲಿದೂ ಹೋಗ್ತೈತಿ, ಅದಕ್ಕ ನಿಮ್ಮ ಸರ್ಟಿಫಿಕೇಟ್ ರಿನ್ಯೂ ತಾರೀಖು ಮೊದ್ಲು ನೋಡ್ಕೊಳ್ರಿ.